ಗೋಡೆಗೆ ಮುಖ ಮಾಡುವ ಪಾರವ್ವ

"ಈ ಕಲ್ಲ ಯಾರ್ ಮುಟ್ಯಾರ?"

ಪಾರವ್ವ ಕೇಳುತ್ತಿರುವುದು ಯಾರನ್ನೂ ಅಲ್ಲ. ಬೆಳಗಿನ ಜಾವ ನಾಲ್ಕೂವರೆ. ಯಶವಂತಪುರ ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ ಲಕ್ಕಣ್ಣನವರ ಬಾರಿನ ಹಿತ್ತಲು. ಅಲ್ಲಿರುವುದು ಒಂದು ನಲ್ಲಿ, ಒಂದು ಸೌದೆ ರಾಶಿ, ತಗಡಿನ ಮಾಡಿನ ಕೆಳಗೆ ನೆಲಕ್ಕೆ ಹೂತ ಒರಳುಕಲ್ಲು. ಮೂರರಲ್ಲಿ ಯಾವುದೂ ಬಾಯಿ ಬಿಡುವ ಪೈಕಿ ಅಲ್ಲ.

ಒರಳಿನ ಗುಂಡುಕಲ್ಲಿನಲ್ಲಿ ಒಂದು ಕಡೆ ಉಗುರಿನಷ್ಟು ಚಕ್ಕೆ ಹಾರಿದೆ. ಕೆಲಸ ಮುಗಿಸಿ ಹೊರಡುವಾಗ ಆ ಚಕ್ಕೆ ಹಾರಿದ ಬದಿಯನ್ನು ಗೋಡೆಯ ಕಡೆ ತಿರುಗಿಸಿಟ್ಟು ಹೋಗುವುದು ಪಾರವ್ವನವರ ಹದಿಮೂರು ವರ್ಷದ ವಾಡಿಕೆ. ಇವತ್ತು ಅದು ನಲ್ಲಿಯ ಕಡೆ ನೋಡುತ್ತಿದೆ. ಅವರು ಬಾಗಿ ಒರಳಿನ ಗುಳಿಯನ್ನು ಮೂಸುತ್ತಾರೆ, ಅಂಚಿನ ಸುತ್ತ ಬೆರಳಾಡಿಸುತ್ತಾರೆ. "ತೊಳದಾರ," ಎಂದು ಗೊಣಗುತ್ತಾರೆ. "ಆದ್ರ ತೊಳದು ರೂಢಿ ಇಲ್ಲದವರು ತೊಳದಾರ. ಮೆಣಸಿನಕಾಯಿ ಬೀಜ ಹಂಗ ಐತಿ."

ಅಡುಗೆಮನೆಯ ಬಾಗಿಲಲ್ಲಿ ಲಕ್ಕಣ್ಣ ನಿಂತಿದ್ದಾರೆ. ಎರಡೂ ಕೈ ಬೆನ್ನ ಹಿಂದೆ. ಹೀಗೆ ಬಂದು ನಿಲ್ಲುವುದು ಅವರ ಪದ್ಧತಿಯಲ್ಲ. ನೆನೆಸಿದ ಮೆಣಸಿನಕಾಯಿ, ಹುರಿದ ಕೊತ್ತಂಬರಿ ಬೀಜ, ತುರಿದ ತೆಂಗಿನಕಾಯಿ ಎಲ್ಲವನ್ನೂ ಹಿಂದಿನ ದಿನವೇ ಜೋಡಿಸಿಟ್ಟು, ಕೊನೆಯ ಪೊಟ್ಟಣ ಹಾಕುವ ಹೊತ್ತಿಗಷ್ಟೇ ಎದ್ದು ಬರುವವರು. ಇವತ್ತು ಮೊದಲಿನಿಂದಲೇ ನಿಂತು ನೋಡುತ್ತಿದ್ದಾರೆ. ಪಾರವ್ವ ಮೊಳೆಗೆ ತೂಗುಹಾಕಿದ ನೀಲಿ ಅರಿವೆಯನ್ನು ಸೊಂಟಕ್ಕೆ ಸುತ್ತಿ, ಮಣೆ ಎಳೆದುಕೊಂಡು ಕೂರುತ್ತಾರೆ.

ಗುಂಡುಕಲ್ಲು ತಿರುಗತೊಡಗುತ್ತದೆ. ಮೊದಲು ಗರಗರ, ಬೈಗುಳದ ಹಾಗೆ. ಪಾರವ್ವ ಕೆಳದನಿಯಲ್ಲಿ ಊರಿನ ಭಜನೆಯ ಪದವೊಂದನ್ನು ಹಿಡಿಯುತ್ತಾರೆ. ಒಂದು ಪದ ಮುಗಿಯುವಷ್ಟರಲ್ಲಿ ಮೆಣಸಿನಕಾಯಿಯ ಸಿಪ್ಪೆ ಕರಗಬೇಕು. ಎರಡನೆಯದಕ್ಕೆ ಕೊತ್ತಂಬರಿ, ಮೂರನೆಯದಕ್ಕೆ ಕಾಯಿ. ನಾಲ್ಕನೆಯ ಪದದ ಹೊತ್ತಿಗೆ ಕಲ್ಲಿನ ದನಿ ಇಳಿದಿಳಿದು, ದೂರದಲ್ಲಿ ಯಾರೋ ಶ್ರುತಿ ಹಿಡಿದಂತೆ ಆಗುತ್ತದೆ. "ಕಲ್ಲು ಜಗಳ ಆಡೋದು ಬಿಟ್ರ ಮಸಾಲಿ ಆತು ಅಂತ ತಿಳ್ಕೊಳ್ಳೋದ್ರಿ," ಎನ್ನುತ್ತಾರೆ ಅವರು. ಬಾಯಿಗೆ ಹಾಕಿ ನೋಡುವ ಮಾತೇ ಇಲ್ಲ. ಪಾರವ್ವ ಕೊರಳಲ್ಲಿ ಲಿಂಗ ಕಟ್ಟಿದವರು. ಹದಿಮೂರು ವರ್ಷದಿಂದ ಕುರಿ ಕಾಲಿನ ಸಾರಿಗೆ ಮಸಾಲೆ ಅರೆಯುತ್ತಿರುವ ಈ ಹೆಂಗಸು ಆ ಸಾರಿನ ಒಂದು ಹನಿಯನ್ನೂ ನಾಲಿಗೆಗೆ ಮುಟ್ಟಿಸಿಲ್ಲ.

ಆ ಕಾರಣಕ್ಕೇ ಅವರನ್ನು ನಂಬಿದ್ದು. ಈ ಭಾಗದ ಸಣ್ಣ ಸಣ್ಣ ಬಾರು, ಮಿಲ್ಟ್ರಿ ಹೋಟೆಲುಗಳಲ್ಲಿ ಬೋರ್ಡು ಮಸುಕಾಗಿರಬಹುದು, ಬೆಂಚು ಅಲ್ಲಾಡಬಹುದು. ಗಿರಾಕಿಗಳು ಹುಡುಕಿಕೊಂಡು ಬರುವುದು ಮಸಾಲೆಗೆ. ಅದನ್ನು ಯಜಮಾನರು ಮನೆದೇವರ ಹಾಗೆ ಕಾಪಾಡುತ್ತಾರೆ. ತಿನ್ನುವವರ ಕೈಗೆ ಒರಳು ಕೊಟ್ಟರೆ ನಾಳೆ ಅವರೇ ಎದುರಿಗೆ ಹೋಟೆಲು ತೆಗೆದಾರು ಎಂಬ ಗುಮಾನಿ. ತಿನ್ನದವಳಿಗೆ ರುಚಿಯ ಮರ್ಮ ಗೊತ್ತಾಗುವುದಿಲ್ಲ ಎಂಬುದು ಅವರ ಲೆಕ್ಕಾಚಾರ.

ಪಾರವ್ವನವರ ಊರು ರೋಣದ ಹತ್ತಿರದ ಹಳ್ಳಿ. ಗಂಡ ಫಕೀರಪ್ಪನವರಿಗೆ ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ಹಮಾಲಿ ಕೆಲಸ ಸಿಕ್ಕಿ, ಎಪ್ಪತ್ತರಲ್ಲಿ ಇಬ್ಬರೂ ಇಲ್ಲಿಗೆ ಬಂದರು. ಮರುವರ್ಷ ಜೋಳದ ಮೂಟೆಗಳ ಅಟ್ಟಿ ಜಾರಿ ಫಕೀರಪ್ಪನವರ ಬೆನ್ನಿನ ಮೇಲೆ ಬಿತ್ತು. ಅಂದಿನಿಂದ ಅವರು ಕೂತಲ್ಲೇ ಗೋಣಿಚೀಲ ಹೊಲಿಯುತ್ತಾರೆ. ಆಗ ಗೂಡ್ಸ್ ಶೆಡ್ಡಿನ ಹಮಾಲರೆಲ್ಲ ಉಣ್ಣುತ್ತಿದ್ದುದು ಲಕ್ಕಣ್ಣನವರಲ್ಲಿ. ಅವರಲ್ಲೊಬ್ಬರು ಹೇಳಿ ಪಾರವ್ವನನ್ನು ಹಿತ್ತಲ ಬಾಗಿಲಿಗೆ ಕರೆತಂದರು. "ಮಾಂಸದ ವಾಸನೆ ಆಯ್ತದಾ ತಾಯಿ?" ಎಂದು ಲಕ್ಕಣ್ಣ ಕೇಳಿದ್ದರಂತೆ. "ಗಂಡನ ಬೆನ್ನಿಗೆ ಎಣ್ಣಿ ತಿಕ್ಕಿ ತಿಕ್ಕಿ ಎಲ್ಲಾ ವಾಸನಿ ರೂಢಿ ಆಗೈತ್ರಿ," ಎಂದು ಪಾರವ್ವ ಹೇಳಿದ್ದರಂತೆ.

ಈಗ ಅವರದು ದಿನಕ್ಕೆ ನಾಲ್ಕು ಅಡುಗೆಮನೆ, ನಾಲ್ಕು ಒರಳು. ನಾಲ್ಕೂವರೆಗೆ ಲಕ್ಕಣ್ಣನವರಲ್ಲಿ. ಆರೂವರೆಗೆ ಮಸೀದಿ ಓಣಿಯ ಜೈಬುನ್ನೀಸಾ ಅವರ ಬಿರಿಯಾನಿ ಹೋಟೆಲು. ಎಂಟೂವರೆಗೆ ಮತ್ತಿಕೆರೆ ರಸ್ತೆಯಲ್ಲಿ ಚಿಕ್ಕಬೈರಪ್ಪನವರ ಮಿಲ್ಟ್ರಿ ಹೋಟೆಲು. ಹತ್ತಕ್ಕೆ, ಅಲ್ಲೇ ಮುಂದೆ, ಅಣ್ಣತಮ್ಮಂದಿರಿಬ್ಬರು ನಡೆಸುವ ಇನ್ನೊಂದು ಬಾರು. ನಾಲ್ಕೂ ಸೇರಿ ಹದಿನೆಂಟು ತೆಂಗಿನಕಾಯಿ, ಮೂರು ಸೇರು ಮೆಣಸಿನಕಾಯಿ, ಐದು ಸೇರು ಕೊತ್ತಂಬರಿ. ನಡಿಗೆ ಬೇರೆ, ಹೋಗಿ ಬಂದು ಐದು ಮೈಲಿ.

ಒಂದು ಮನೆಯ ಮಸಾಲೆಯ ವಾಸನೆ ಇನ್ನೊಂದು ಮನೆಯ ಹೊಸ್ತಿಲು ದಾಟಬಾರದು. ಇದು ಯಾರೂ ಹೇಳಿಕೊಡದೆ ಪಾರವ್ವ ತಾವೇ ಹಾಕಿಕೊಂಡ ಕಟ್ಟಳೆ. ಪ್ರತಿ ಹಿತ್ತಲಿನಲ್ಲೂ ಅವರದೊಂದು ಅರಿವೆ ಮೊಳೆಗೆ ತೂಗುತ್ತಿರುತ್ತದೆ: ಲಕ್ಕಣ್ಣನವರಲ್ಲಿ ನೀಲಿ, ಜೈಬುನ್ನೀಸಾ ಅವರಲ್ಲಿ ಹಸಿರು, ಮುಂದಿನೆರಡರಲ್ಲಿ ಕಂದು ಮತ್ತು ಚೌಕಳಿ. ಅದನ್ನು ಸುತ್ತಿ ಕೂರುವುದು, ಎದ್ದು ಒಗೆದು ಅಲ್ಲೇ ಹಾಕುವುದು. ಕೈಯನ್ನು ಒಮ್ಮೆ ಬೂದಿಯಲ್ಲಿ, ಒಮ್ಮೆ ಹುಣಿಸೆಹಣ್ಣಿನಲ್ಲಿ ತಿಕ್ಕುವುದು. ಹಾಗಿದ್ದೂ ಫಕೀರಪ್ಪ ಮೊದಮೊದಲು ಹೆಂಡತಿಯ ಕೈ ಹಿಡಿದು ಮೂಸಿ, "ಇದು ಸಾಬರ ಮನಿ ಲವಂಗ, ಇದು ಬೈರಪ್ಪಾರ ಮೆಣಸು," ಎಂದು ಆಟ ಆಡಿಸುತ್ತಿದ್ದರಂತೆ. ಆ ಮೇಲೆ ಪಾರವ್ವ ಹುಣಿಸೆಹಣ್ಣಿನ ಜೊತೆಗೆ ಉಪ್ಪನ್ನೂ ಸೇರಿಸಿದರು. ಆಟ ನಿಂತಿತು.

ಇನ್ನೊಂದು ಪದ್ಧತಿ ಲಕ್ಕಣ್ಣನವರ ತಂದೆಯ ಕಾಲದ್ದು. ಮಸಾಲೆ ಮುಕ್ಕಾಲು ಅರೆದಾದ ಮೇಲೆ ಯಜಮಾನ ಸಣ್ಣ ಪೊಟ್ಟಣವೊಂದನ್ನು ಮುಷ್ಟಿಯಲ್ಲಿ ಮುಚ್ಚಿ ತರುತ್ತಾನೆ. ಆಗ ಅರೆಯುವವಳು ಕಲ್ಲು ನಿಲ್ಲಿಸಿ ಗೋಡೆಗೆ ಮುಖ ಮಾಡಬೇಕು. ಪೊಟ್ಟಣ ಸುರಿದು, ಕಾಗದವನ್ನು ಒಲೆಗೆ ಹಾಕಿ, "ಹ್ಞೂಂ" ಎಂದ ಮೇಲೆಯೇ ತಿರುಗಬೇಕು. ನಾಲ್ಕರಲ್ಲಿ ಮೂರು ಮನೆಗಳಲ್ಲಿ ಈಗಲೂ ಹೀಗೇ. "ಗ್ವಾಡಿಗೆ ಮಾರಿ ಮಾಡ್ತೀನ್ರಿ," ಎಂದು ಪಾರವ್ವ ಸಣ್ಣಗೆ ನಗುತ್ತಾರೆ. "ಮೂಗಿಗೇನ್ ಗ್ವಾಡಿ ಐತೇನು?"

ಅವರ ಈ ಮೂಗೇ ಅವರಿಗೆ ಮುಳುವಾಗಿದೆ.

ಲಕ್ಕಣ್ಣನವರ ಬಾರು ಎಂದರೆ ಆರೇ ಆರು ಮೇಜು. ಹೆಂಚಿನ ಸೂರು, ಬಾಗಿಲಿಗೆ ಮಣಿಸರದ ಪರದೆ, ಹತ್ತು ನಿಮಿಷ ಮುಂದಿಟ್ಟ ಗೋಡೆ ಗಡಿಯಾರ. ರೈಲಿನ ಗಾರ್ಡುಗಳಿಗೂ ಕಾರ್ಖಾನೆಯ ಪಾಳಿಯವರಿಗೂ ಹೊತ್ತು ತಪ್ಪಬಾರದು ಎಂದು ಹಾಗೆ. ಜಕ್ಕೂರಿನ ರಾಗಿ ಹೊಲದಿಂದ ಬಂದ ಲಕ್ಕಣ್ಣನವರ ತಂದೆ ಮಾಡಿಟ್ಟ ನಿಯಮ ಒಂದಿದೆ: ಯಾರೇ ಬಂದು ಕೂತರೂ ಮೊದಲು ಒಂದು ಬಟ್ಟಲು ಕಾಲಿನ ಸಾರು, ಆಮೇಲೆ ಗ್ಲಾಸು. ಖಾಲಿ ಹೊಟ್ಟೆಗೆ ಇಲ್ಲಿ ಏನನ್ನೂ ಸುರಿಯುವುದಿಲ್ಲ. ಎಷ್ಟೋ ಜನ ಆ ಬಟ್ಟಲು ಕುಡಿದು, ಗ್ಲಾಸು ಬೇಡವೆಂದು ಎದ್ದು ಹೋಗುವುದೂ ಉಂಟು. ಲಕ್ಕಣ್ಣ ಅವರನ್ನೂ ಬೈಯುವುದಿಲ್ಲ.

ಈ ವರ್ಷ ತುಮಕೂರು ರಸ್ತೆಯಲ್ಲಿ ಹೊಸ ಬಾರೊಂದು ಬಂದಿದೆ. ಮೂರು ಅಂತಸ್ತು, ಗೋಡೆ ತುಂಬ ಕನ್ನಡಿ, ಮಸಾಲೆಗೆ ಕರೆಂಟಿನ ಗ್ರೈಂಡರು. ಅದು ತೆರೆದು ಮೂರು ತಿಂಗಳಿಗೆ ಗಡಿಯಾರದ ಕೆಳಗೆ ದಿನಾ ಕೂರುತ್ತಿದ್ದ ಗಾರ್ಡೊಬ್ಬರು ಬಂದು, "ಅಲ್ಲೂ ನಿಮ್ದೇ ಸಾರು ಕಣ್ರೀ, ಬಟ್ಟಲು ಮಾತ್ರ ಪಿಂಗಾಣಿ," ಎಂದರಂತೆ. ಮರುವಾರದಿಂದ ಅವರೇ ಕಾಣಿಸಲಿಲ್ಲ. ಆರು ಮೇಜಿನಲ್ಲಿ ಎರಡು ಖಾಲಿ ಉಳಿಯತೊಡಗಿದವು. ಲಕ್ಕಣ್ಣನವರ ತಲೆಗೆ ಹುಳ ಹೊಕ್ಕಿತು.

ಇವತ್ತು ಪಾರವ್ವ ಅರೆದು, ಅರಿವೆ ಒಗೆದು ಹಾಕಿದ ಮೇಲೆ ಅವರು ಬಾಯಿ ಬಿಡುತ್ತಾರೆ. ಇಲ್ಲಿಯವರ ನಾಲಿಗೆಗೆ ಪಾರವ್ವ ಪಾರಮ್ಮ ಆಗಿದ್ದಾರೆ.

"ನಿಂತ್ಕೊ ಪಾರಮ್ಮ, ಒಂದು ಮಾತು. ಮೊನ್ನೆ ಒಸಾ ಬಾರಿಗೆ ಓಗಿದ್ದೆ. ಸಾರು ಕುಡ್ದೆ."

"ಹೆಂಗಿತ್ರಿ?"

"ಗಂಟ್ಲಲ್ಲಿ ಸಿಹಿ ನಿಂತ್ಕೊಂತು. ಯಾಕೆ ಗೊತ್ತಾ? ಓದ ವಾರದಿಂದ ನನ್ ಪೊಟ್ಟಣಕ್ಕೆ ಬೇಕೂಂತ್ಲೇ ಅತಿಮಧುರ ಸೇರಿಸಿದ್ದೆ. ಯಾರಾನ ಕದ್ರೆ ಸಿಕ್ಕಾಕ್ಕೊಳ್ಳಲಿ ಅಂತ. ನಾಕೇ ದಿನಕ್ಕೆ ಅಲ್ಲೂ ಅತಿಮಧುರ. ಇದು ಗೊತ್ತಿದ್ದೋರು ಮೂರೇ ಜನ. ನಾನು, ಮ್ಯಾಲಿರೋ ದೇವ್ರು, ನೀನು. ದೇವ್ರು ಓಗಿ ಏಳಿರಾಕಿಲ್ಲ."

ಪಾರವ್ವ ಇಲ್ಲ ಎನ್ನಬಹುದಿತ್ತು. ನನಗೇನು ಗೊತ್ತು, ಗೋಡೆ ನೋಡುತ್ತಿದ್ದೆ ಎನ್ನಬಹುದಿತ್ತು. ಅವರಿಗೆ ಸುಳ್ಳು ಅಷ್ಟು ಬೇಗ ಒದಗುವುದಿಲ್ಲ. "ವಾಸನಿ ಬಂದಿತ್ರಿ," ಎನ್ನುತ್ತಾರೆ. "ನಮ್ಮ ಕಡೆ ಜೇಷ್ಠಮಧು ಅಂತೀವಿ. ಕೆಮ್ಮಿಗೆ ಕೊಡ್ತಾರ. ಯಾರಿಗೋ ಕೆಮ್ಮಾಗಿರಬೇಕು ಅಂದ್ಕೊಂಡೆ."

"ನೋಡ್ದಾ, ಗೊತ್ತಿತ್ತು ನಿಂಗೆ."

"ಗೊತ್ತಿತ್ರಿ. ಹೇಳಿಲ್ಲ."

ಆಗ ಲಕ್ಕಣ್ಣ ಬೆನ್ನ ಹಿಂದಿನ ಕೈಗಳನ್ನು ಮುಂದೆ ತರುತ್ತಾರೆ. ಅಂಗೈ ಎರಡೂ ಕೆಂಪಗೆ, ಪೂರಿಯ ಹಾಗೆ ಉಬ್ಬಿವೆ, ಮೇಲೆ ಬೆಣ್ಣೆ ಮೆತ್ತಿದೆ. ಪಾರವ್ವನಿಗೆ ಬೆಳಗಿನ ಪ್ರಶ್ನೆಗೆ ಉತ್ತರ ಸಿಗುತ್ತದೆ. ಭಾನುವಾರ ಪಾರವ್ವನಿಗೆ ರಜೆ. ಇನ್ನು ಮೇಲೆ ಯಾರನ್ನೂ ನಂಬಬಾರದೆಂದು ನಿನ್ನೆ ಯಜಮಾನರು ತಾವೇ ಒರಳಿಗೆ ಕೂತಿದ್ದಾರೆ. "ಒಣಾ ಮೆಣಸಿನಕಾಯಿ ಬರಿಗೈಲಿ ತಳ್ಳಿದ್ರೇನು? ಒದ್ದಿ ಕೈ ಮಾಡ್ಕೋಬೇಕ್ರಿ," ಎಂದು ಪಾರವ್ವ ತಡೆಯಲಾರದೆ ಹೇಳಿಬಿಡುತ್ತಾರೆ. ಲಕ್ಕಣ್ಣನವರ ಮುಖ ಮತ್ತಷ್ಟು ಬಿಗಿಯುತ್ತದೆ. ಅವರು ಮೊಳೆಯ ಮೇಲಿನ ನೀಲಿ ಅರಿವೆಯನ್ನು ಎರಡು ಬೆರಳ ತುದಿಯಲ್ಲಿ ತೆಗೆದು, ಮಡಿಸಿ, ಪಾರವ್ವನ ಕೈಗೆ ಕೊಡುತ್ತಾರೆ.

ಹದಿಮೂರು ವರ್ಷದಲ್ಲಿ ಆ ಅರಿವೆ ಹಿತ್ತಲ ಬಾಗಿಲು ದಾಟಿದ್ದು ಅದೇ ಮೊದಲು.

ಇಂಥ ಸುದ್ದಿಗೆ ಹಾಲಿನವರ ಸೈಕಲ್ಲು ಸಾಕು. ಪಾರವ್ವ ಮತ್ತಿಕೆರೆ ರಸ್ತೆ ಮುಟ್ಟುವ ಮೊದಲೇ ಮಾತು ಮುಟ್ಟಿರುತ್ತದೆ. ಚಿಕ್ಕಬೈರಪ್ಪ ಕೆಲಸ ಬಿಡಿಸುವುದಿಲ್ಲ. ಹೊರಡುವಾಗ ಸೆರಗು ಕೊಡವಿ ತೋರಿಸು ಎನ್ನುತ್ತಾರೆ. "ಬೇಜಾರ್ ಮಾಡ್ಕೋಬೇಡ ಕಣಮ್ಮ. ಎಲ್ರೂ ಅಂತಾವ್ರೆ, ನಾನೊಬ್ನೇ ಸುಮ್ನಿದ್ರೆ ದಡ್ಡ ಅಂತಾರೆ." ಪಾರವ್ವ ಕೊಡವುತ್ತಾರೆ. ಸೆರಗಿನಿಂದ ಬೀಳುವುದು ವಿಭೂತಿಯ ಒಂದು ಚೂರು. ಅಣ್ಣತಮ್ಮಂದಿರ ಬಾರಿನಲ್ಲಿ ಅಷ್ಟು ಮಾತೂ ಇಲ್ಲ. ಬಾಗಿಲಲ್ಲಿ ಯಾರೂ ಕಾಣುವುದಿಲ್ಲ, ಚೌಕಳಿ ಅರಿವೆ ಇದ್ದ ಮೊಳೆ ಖಾಲಿ.

ಮನೆಗೆ ಬಂದರೆ ಫಕೀರಪ್ಪ ದಬ್ಬಣಕ್ಕೆ ಸುತಳಿ ಪೋಣಿಸುತ್ತ ತಲೆ ಎತ್ತದೆ ಕೇಳುತ್ತಾರೆ: "ಎಲ್ಲ್ಯಾರ ಬಾಯ್ ತಪ್ಪಿ ಅಂದಿಯೇನ?" ಪಾರವ್ವನ ಪ್ರಕಾರ ಆ ಇಡೀ ದಿನದಲ್ಲಿ ಚುಚ್ಚಿದ್ದು ಇದೊಂದೇ. "ಲಕ್ಕಣ್ಣಾರು ಕಳ್ಳಿ ಅಂದ್ರು, ಅಂದ್ಕೊಳ್ಳಲಿ ಬಿಡ್ರಿ, ಅವರ ಸಾರು, ಅವರ ಸಂಕ್ಟ. ನನ್ನ ಕೈ ಮೂಸಿದ್ರ ಏನೂ ವಾಸನಿ ಬರಬಾರ್ದು ಅಂತ ನಾ ಉಪ್ಪು ಹಚ್ಚಿ ತಿಕ್ಕೋದನ್ನ ನೋಡಿದ ಗಂಡ, ಅವನೂ ಕೇಳಿದ್ನಲ್ಲ." ಫಕೀರಪ್ಪ ಅನಂತರ ತಪ್ಪಾಯಿತೆಂದರು. ಆದರೂ ಎರಡು ದಿನ ಪಾರವ್ವ ಎಣ್ಣೆಯ ಬಟ್ಟಲನ್ನು ಗಂಡನ ಪಕ್ಕಕ್ಕಿಟ್ಟು ಹೊರಗೆ ಹೋಗುತ್ತಿದ್ದರು.

ಆ ಎರಡು ದಿನ ಪಾರವ್ವನಿಗೂ ಕಂಡವರ ಮೇಲೆಲ್ಲ ಅನುಮಾನ. ಸೌದೆ ಒಡೆಯುವವನು? ಹಾಲಿನವನು? ಲಕ್ಕಣ್ಣನವರ ಹೆಂಡತಿ ಲಕ್ಷ್ಮಿದೇವಮ್ಮನವರ ತಮ್ಮ ತಿಂಗಳಿಗೊಮ್ಮೆ ಬಂದು ಹೋಗುತ್ತಾನಲ್ಲ, ಅವನೋ? ಯಾರನ್ನು ನೆನೆದರೂ ಅವರ ಮುಖಕ್ಕೆ ಕಳ್ಳಕಳೆ ಬಂದು ಕೂರುತ್ತಿತ್ತು. "ಅನುಮಾನ ಅನ್ನೋದು ಹಸಿ ಮೆಣಸಿನಕಾಯಿ ಇದ್ದಂಗ್ರಿ. ಕೈಗೆ ಹತ್ತಿದ್ರ, ಆ ಕೈಲೆ ಮುಟ್ಟಿದ್ದೆಲ್ಲಾ ಉರೀತೈತಿ."

ಬಾಗಿಲು ಮುಚ್ಚದೆ ಇದ್ದದ್ದು ಜೈಬುನ್ನೀಸಾ ಒಬ್ಬರೇ. ಗಂಡ ತೀರಿಕೊಂಡ ಮೇಲೆ ನಾಲ್ಕು ಮೇಜಿನ ಹೋಟೆಲನ್ನು ಒಬ್ಬರೇ ನಡೆಸುವ ಗಟ್ಟಿಗಿತ್ತಿ. ಇವರಲ್ಲಿ ಗೋಡೆಗೆ ಮುಖ ಮಾಡುವ ಪದ್ಧತಿಯೇ ಇಲ್ಲ. ಪೊಟ್ಟಣ ಬಿಚ್ಚಿ, ಇದಿಷ್ಟು, ಅದಿಷ್ಟು ಎಂದು ಹೆಸರು ಹೇಳಿಯೇ ಸುರಿಯುತ್ತಾರೆ. ಹಾಗಿದ್ದೂ ಪಾರವ್ವ ಅಭ್ಯಾಸ ಬಲದಿಂದ ಗೋಡೆಗೆ ತಿರುಗುತ್ತಾರೆ. "ಏ ಪಾರಕ್ಕಾ, ಗೋಡೆ ಏನು ನಿನ್ನ ಸೊಸೇನಾ, ದಿನಾ ಮುಖ ನೋಡಕ್ಕೆ?" ಎಂದು ಅವರು ರೇಗಿಸುತ್ತಾರೆ.

ಆ ವಾರ ಅವರು ಒಂದೇ ಪ್ರಶ್ನೆ ಕೇಳಿದರು. "ಲಕ್ಕಣ್ಣ ಆ ಅತಿಮಧುರ ತೋಟದಲ್ಲಿ ಬೆಳ್ಕೊಂಡ್ನಾ?"

ಪಾರವ್ವನ ಕೈಯಲ್ಲಿ ಕಲ್ಲು ನಿಂತಿತು.

ಯಶವಂತಪುರದ ಪೇಟೆಯಲ್ಲಿ ಮುನಿವೆಂಕಟಯ್ಯನವರದು ಹಳೆಯ ದಿನಸಿ ಅಂಗಡಿ. ಮುಂದೆ ಮೆಣಸಿನಕಾಯಿ ಮೂಟೆಗಳು, ಹಿಂದೆ ಗೋಡೆಯುದ್ದಕ್ಕೂ ಚಕ್ಕೆ, ಲವಂಗ, ಬೇರು, ಮೊಗ್ಗುಗಳ ಡಬ್ಬಗಳು. ಲಕ್ಕಣ್ಣ ಪ್ರತಿ ಶನಿವಾರ ಮಧ್ಯಾಹ್ನಕ್ಕೆ ಮುಂಚೆ ತಾವೇ ಬಂದು, ವಾರದ ಪೊಟ್ಟಣ ಕಟ್ಟಿಸಿಕೊಂಡು, ಕೋಟಿನ ಒಳಜೇಬಿಗೆ ಇಳಿಸಿ ಹೋಗುತ್ತಾರೆ. ಆ ಶನಿವಾರ ಪಾರವ್ವ ಅರಿಸಿನದ ಕೊಂಬು ಕೊಳ್ಳುವ ನೆಪದಲ್ಲಿ ಅಂಗಡಿಯ ಮೆಟ್ಟಿಲಿನ ಮೇಲೆ, ಮೂಟೆಯ ಮರೆಗೆ ಕೂತರು. ಕಣ್ಣು ನೆಲದ ಮೇಲೆ, ಕಿವಿ ಅಂಗಡಿಯ ಒಳಗೆ.

ಲಕ್ಕಣ್ಣ ಬಂದರು. ಏನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಮುನಿವೆಂಕಟಯ್ಯನವರ ಕೈ ತಾನಾಗಿ ಓಡಾಡಿತು. ದೊಡ್ಡ ಡಬ್ಬದ ಮುಚ್ಚಳ, ಢಣ್. ಸಣ್ಣವೆರಡು, ಟಣ್ ಟಣ್. ಮತ್ತೆ ದೊಡ್ಡದು. ಮರದ ಡ್ರಾಯರೊಂದು ಕಿರುಗುಟ್ಟಿತು. ಕೊನೆಗೆ ಗಾಜಿನ ಭರಣಿಯ ಬಿರಡೆ ಕಿಣ್ ಎಂದಿತು. ಚಿಕ್ಕಂದಿನಿಂದ ತಾಳಕ್ಕೆ ತಪ್ಪದೆ ಪದ ಒಪ್ಪಿಸಿ ಬೆಳೆದ ಹೆಂಗಸು ಅವರು. ಒಮ್ಮೆ ಕೇಳಿದ್ದು ಸಾಕು. ಲಕ್ಕಣ್ಣ ಹೋದರು. ಪಾರವ್ವ ಏಳಲಿಲ್ಲ. ಅರ್ಧ ಗಂಟೆಗೆ ಸೈಕಲ್ಲೊಂದು ನಿಂತಿತು. ಇಳಿದವನ ಕೈಯಲ್ಲಿ ಹೊಸ ಬಾರಿನ ಹೆಸರು ಅಚ್ಚಾದ ಚೀಲ.

"ಮಾಮೂಲು ಕೊಡಿ," ಎಂದನಂತೆ.

ಢಣ್. ಟಣ್ ಟಣ್. ಮತ್ತೆ ದೊಡ್ಡದು. ಡ್ರಾಯರಿನ ಕಿರುಗು. ಕೊನೆಗೆ ಗಾಜಿನ ಕಿಣ್. ಪದ ಅದೇ, ತಾಳ ಅದೇ, ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ.

ಪಾರವ್ವ ಎದ್ದು ನೇರವಾಗಿ ಕೇಳಿದರು. "ಯಜಮಾನ್ರ, ಈಗ ಕಟ್ಟಿದ್ದು ಲಕ್ಕಣ್ಣಾರ ಪೊಟ್ಟಣ ಹೌದಲ್ರಿ?"

ಮುನಿವೆಂಕಟಯ್ಯನವರಿಗೆ ಮುಚ್ಚಿಡಬೇಕೆಂದೇ ತೋಚಲಿಲ್ಲ. "ಹೂಂ ಕಣಮ್ಮ. ಮೊದಲ್ನೇ ಸಲ ಬಂದಾಗ್ಲೇ, 'ಲಕ್ಕಣ್ಣನೋರಿಗೆ ಕೊಟ್ಟಂಗೇ ಕೊಡಿ' ಅಂದ. ಕೊಟ್ಟೆ. ಎಲ್ರೂ ಅಂಗೇ ಅಲ್ವಾ ಕೇಳೋದು, ಅವ್ರಿಗೆ ಕೊಟ್ಟಂಗೇ ಕೊಡಿ ಅಂತ. ಲಕ್ಕಣ್ಣ ಒಂದು ಸಾಮಾನು ಹೊಸದು ಸೇರ್ಸಿದ, ನಾನು ಇವನಿಗೂ ಸೇರ್ಸಿದೆ. ಮೋಸ ಮಾಡಬಾರ್ದು ನೋಡು."

ಅಲ್ಲಿಂದ ಸೀದಾ ಲಕ್ಕಣ್ಣನವರ ಹಿತ್ತಲಿಗೆ ಓಡಿ ಹೋಗಿ ಹೇಳಬಹುದಿತ್ತು. ಪಾರವ್ವ ಹೋಗಲಿಲ್ಲ. ಅನುಮಾನ ಹಿಡಿದ ಮನುಷ್ಯನಿಗೆ ಕಳ್ಳಿಯೆನಿಸಿಕೊಂಡವಳೇ ಹೋಗಿ ಕಳ್ಳನನ್ನು ತೋರಿಸಿದರೆ ಅದೂ ಆಕೆಯ ಹೂಟವೇ ಆಗಿ ಕಾಣುತ್ತದೆಂದು ಅವರಿಗೆ ಗೊತ್ತು. ಹೋದವರು ಜೈಬುನ್ನೀಸಾ. ತಲೆಯ ಮೇಲೆ ಸೆರಗೆಳೆದುಕೊಂಡು, ಹಗಲು ಹನ್ನೊಂದಕ್ಕೆ, ಬಾರಿನ ಮುಂಬಾಗಿಲಿಗೇ. "ಲಕ್ಕಣ್ಣಾ, ನೀವು ಬಾಗ್ಲಿಗೆ ಬೀಗ ಜಡ್ದು ಕಿಟಕಿ ತೆರ್ದಿಟ್ಟಿದೀರಿ. ಶನಿವಾರ ಮುನಿವೆಂಕಟಯ್ಯನ ಅಂಗಡೀಲಿ ಕೂತು ನೋಡಿ."

ಲಕ್ಕಣ್ಣ ಇದನ್ನೂ ನಂಬಲಿಲ್ಲ. ಹೆಂಗಸರಿಬ್ಬರೂ ಸೇರಿ ಅಂಗಡಿಯವನಿಗೆ ಹೇಳಿಕೊಟ್ಟಿರಬೇಕು ಎಂದುಕೊಂಡರು. ಅಂಗಡಿಗೆ ಹೋದಾಗ ಮುನಿವೆಂಕಟಯ್ಯ ಮುಖಕ್ಕೆ ಮುಖ ಕೊಟ್ಟು ಹೌದೆಂದರೂ, "ಯಾರು ಏಳ್ಕೊಟ್ರು ನಿಂಗೆ?" ಎಂದು ಕೇಳಿದರು. ಕೊನೆಗೆ ತಾವೇ ಮೆಣಸಿನಕಾಯಿ ಮೂಟೆಗಳ ಹಿಂದೆ ಅವಿತು ಕೂತರು. ಸೈಕಲ್ಲಿನವನು ಬಂದ, ಮಾಮೂಲು ಎಂದ, ಪೊಟ್ಟಣ ಹಿಡಿದು ಹೋದ. ಅಷ್ಟು ಹೊತ್ತೂ ಮೂಗು ಹಿಡಿದಿದ್ದ ಲಕ್ಕಣ್ಣ ಆಮೇಲೆ ಏಳು ಸೀನು ಸೀನಿದರು ಎಂದು ಮುನಿವೆಂಕಟಯ್ಯ ಎಣಿಸಿ ಹೇಳುತ್ತಾರೆ.

"ಹದಿನೈದು ವರ್ಷದಿಂದ ಇದು ಗುಟ್ಟು ಅಂತ ಗೊತ್ತಿಲ್ವೇನೋ ನಿಂಗೆ?"

"ನೀನ್ ಯಾವತ್ತು ಹೇಳ್ದೆ? ಪೊಟ್ಟಣಾನ ಕೋಟೊಳಗೆ ಇಟ್ಕೊಂಡು ಹೋಗ್ತಿದ್ದೆ. ಮಳೇಲಿ ನೆನೀಬಾರ್ದು ಅಂತ ಅಂದ್ಕೊಂಡಿದ್ದೆ."

ತಂದೆ ಕಲಿಸಿದ್ದು ಅರೆಯುವವಳ ಕಣ್ಣಿಗೆ ಬೀಳದಂತೆ ಹಿಡಿಯುವುದನ್ನು ಮಾತ್ರ. ತೂಗಿ ಕೊಡುವವನ ವಿಷಯ ತಂದೆಗೂ ಹೊಳೆದಿರಲಿಲ್ಲ, ಮಗನಿಗೂ ಹೊಳೆಯಲಿಲ್ಲ. ಈಗ ಲಕ್ಕಣ್ಣ ಅತಿಮಧುರ ಬಿಟ್ಟು, ಮೂರು ಪೇಟೆ ಸುತ್ತಿ ಮೂರು ಅಂಗಡಿಯಲ್ಲಿ ಸಾಮಾನು ಕೊಳ್ಳುತ್ತಾರೆ. ಹೊಸ ಬಾರಿನಲ್ಲಿ ಸಾರು ಇನ್ನೂ ಸಿಹಿಸಿಹಿಯಾಗಿಯೇ ಇದೆ ಎಂದು ಸುದ್ದಿ. ಗಡಿಯಾರದ ಕೆಳಗಿನ ಗಾರ್ಡು ಮರಳಿ ಬಂದಿದ್ದಾರೆ. "ಅಲ್ಲೀದು ಕುಡುದ್ರೆ ಔಷಧಿ ಕುಡಿದಂಗೆ," ಎನ್ನುವುದು ಅವರ ವಿವರಣೆ.

ಮತ್ತೆ ಸೋಮವಾರ, ಮತ್ತೆ ನಾಲ್ಕೂವರೆ. ಲಕ್ಕಣ್ಣ ಹೇಳಿಕಳಿಸಿದ್ದಾರೆ, ಪಾರವ್ವ ಬಂದಿದ್ದಾರೆ. ಹಿತ್ತಲ ಮೊಳೆಯ ಮೇಲೆ ಹೊಸದೊಂದು ನೀಲಿ ಅರಿವೆ ತೂಗುತ್ತಿದೆ. ಲಕ್ಷ್ಮಿದೇವಮ್ಮ ತಮ್ಮ ಹಳೆಯ ಸೀರೆ ಹರಿದು ಅಂಚು ಹೊಲಿದಿಟ್ಟಿದ್ದಾರೆ. ಪಾರವ್ವ ಅದನ್ನು ನೋಡುವುದು ಆಮೇಲೆ. ಮೊದಲು ನೋಡುವುದು ಗುಂಡುಕಲ್ಲನ್ನು. ಯಾರೋ ನೆನಪಿಟ್ಟು ಚಕ್ಕೆಯನ್ನು ಗೋಡೆಯ ಕಡೆ ತಿರುಗಿಸಿಟ್ಟಿದ್ದಾರೆ. ಆದರೂ ಒಮ್ಮೆ ಬಾಗಿ ಮೂಸುತ್ತಾರೆ. ಹೋದ ನಂಬಿಕೆ ಮೊಳೆಗೆ ಅರಿವೆ ಮರಳಿದಷ್ಟು ಸಲೀಸಾಗಿ ಮರಳುವುದಿಲ್ಲ. ಚಿಕ್ಕಬೈರಪ್ಪ ಸೆರಗು ಕೊಡವಿಸುವುದನ್ನು ಬಿಟ್ಟಿದ್ದಾರೆ. ಅಣ್ಣತಮ್ಮಂದಿರ ಮೊಳೆ ಇನ್ನೂ ಖಾಲಿಯೇ.

ಲಕ್ಕಣ್ಣ ತಪ್ಪಾಯಿತು ಎಂಬ ಮಾತನ್ನು ಆಡುವುದಿಲ್ಲ. ಆ ಮಾತಿನ ಸುತ್ತ ಓಡಾಡುತ್ತಾರೆ. ಒಂದು ಲೋಟ ಕಾಫಿ ತಂದಿಡುತ್ತಾರೆ. "ಏನಾನ ಬೇಕಿದ್ರೆ ಕೇಳು ಪಾರಮ್ಮ," ಎನ್ನುತ್ತಾರೆ.

"ಕಲ್ಲು ನುಣ್ಣಗಾಗೈತ್ರಿ. ಕಲ್ಲು ಕುಟ್ಟಾವ್ರು ಬಂದ್ರ ಕುಟ್ಟಿಸ್ರಿ. ಇನ್ನೇನ್ ಬ್ಯಾಡ."

"ಅಷ್ಟೇನಾ?"

"ಕಲ್ಲಿಗೆ ಹಲ್ಲಿದ್ರ ನನ್ನ ರಟ್ಟಿಗೆ ಆರಾಮ."

ಮೂರು ಪದ ಮುಗಿಯುತ್ತವೆ. ಲಕ್ಕಣ್ಣ ಪೊಟ್ಟಣ ಹಿಡಿದು ಬರುತ್ತಾರೆ. ಅಂಗೈಯ ಕೆಂಪು ಇಳಿದು ಚರ್ಮ ಸುಲಿಯುತ್ತಿದೆ. "ಇನ್ಮ್ಯಾಕೆ ಗೋಡೆ ಕಡೆ ತಿರುಗ್ಬ್ಯಾಡ. ನೋಡ್ಕೊ, ಪರವಾಗಿಲ್ಲ." ಪಾರವ್ವ ಕೇಳಿಸಿಕೊಳ್ಳುತ್ತಾರೆ, ಕಲ್ಲು ನಿಲ್ಲಿಸುತ್ತಾರೆ, ಎಂದಿನಂತೆ ಗೋಡೆಗೆ ತಿರುಗುತ್ತಾರೆ. ಪೊಟ್ಟಣ ಸುರಿದ ಸದ್ದು. ಕಾಗದ ಒಲೆಗೆ ಬಿದ್ದ ಸದ್ದು. "ಹ್ಞೂಂ" ಮಾತ್ರ ಕೇಳಿಸುವುದಿಲ್ಲ. ಹಿಂದೆ ಲಕ್ಕಣ್ಣ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ದನಿ ತಗ್ಗಿಸುತ್ತಾರೆ.

"ಪಾರಮ್ಮ, ನಂಗೀಗ ಗೊತ್ತಾಯ್ತು, ನಿನ್ ಮೂಗಿಗೆ ತಿಳೀದೇ ಇರೋದು ಯಾವ್ದೂ ಇಲ್ಲ. ಒಂದು ಕೇಳ್ತೀನಿ. ಆ ಜೈಬುನ್ನೀಸಮ್ಮನ ಮಸಾಲೆ ಅಷ್ಟು ಗಮ್ ಅಂತದಲ್ಲ, ಅದಕ್ಕೆ ಕೊನೇಲಿ ಏನ್ ಆಕ್ತಾರೆ? ನಂಗೊಬ್ಬನಿಗೆ ಏಳು."

ಪಾರವ್ವ ಗೋಡೆಯ ಕಡೆಗೇ ಇದ್ದಾರೆ.

"ಆಯಮ್ಮನೇನು ಮುಚ್ಚಿಡಾಕಿಲ್ವಂತೆ. ಎಸ್ರು ಏಳೇ ಸುರೀತಾರಂತೆ. ಏಳಿದ್ರೆ ಏನಾಯ್ತದೆ?"

ಪಾರವ್ವ ಈಗ ತಿರುಗುತ್ತಾರೆ. ಒದ್ದೆ ಕೈಯನ್ನು ಗುಂಡುಕಲ್ಲಿನ ಮೇಲೆ ಇಟ್ಟು, ಯಜಮಾನರ ಮುಖವನ್ನು ನೇರವಾಗಿ ನೋಡುತ್ತಾರೆ.

"ಹೇಳಂಗಿಲ್ರಿ."